ಹರಿದಷ್ಟೂ ಕಿರಿದಾಗುವ ನದಿ

ನದಿ ಎಂದರೆ ಮುಂದೆ ಸಾಗಿದಂತೆ ದೊಡ್ಡದಾಗುವ ನೀರು ಎಂದು ನಂಬಿ ಬೆಳೆದವರು ನಾವು. ಗಂಗಾಮೂಲದ ಕಾಡಿನಲ್ಲಿ ಒಂದೇ ದಾಪುಗಾಲಿಗೆ ದಾಟಬಹುದಾದ ತುಂಗೆ ಶೃಂಗೇರಿಗೆ ಬರುವಷ್ಟರಲ್ಲಿ ಮೈತುಂಬಿಕೊಂಡಿರುತ್ತಾಳೆ. ಕೂಡಲಿಯಲ್ಲಿ ಭದ್ರೆ ಬಂದು ಸೇರುತ್ತಾಳೆ. ಹೊಸಪೇಟೆ ಮುಟ್ಟುವ ಹೊತ್ತಿಗೆ ದೊಡ್ಡದೊಂದು ಜಲಾಶಯವನ್ನು ತುಂಬಿಸುವ ಹೊಳೆಯಾಗಿರುತ್ತಾಳೆ. ಹನಿ ಕೂಡಿ ಹಳ್ಳ, ಹಳ್ಳ ಕೂಡಿ ಹೊಳೆ ಎಂಬ ಈ ಲೆಕ್ಕ ನಮ್ಮ ಗಾದೆಗಳಲ್ಲಿ ಮಾತ್ರವಲ್ಲ, ಬಾಳಿನ ಬಗೆಗೆ ನಮಗಿರುವ ನಿರೀಕ್ಷೆಯಲ್ಲೂ ಬೇರುಬಿಟ್ಟಿದೆ.

ರಾಜಸ್ಥಾನದ ಲೂಣಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಜ್ಮೀರದ ಹತ್ತಿರ ಅರಾವಳಿಯ ನಾಗ ಪಹಾಡದ ಕಡೆ ಹುಟ್ಟಿ, ನೈಋತ್ಯಕ್ಕೆ ತಿರುಗಿ, ಸುಮಾರು 495 ಕಿಲೋಮೀಟರ್ ಸಾಗಿ ಕಛ್‌ನ ರಣದಲ್ಲಿ ಅದು ಮುಗಿದುಹೋಗುತ್ತದೆ. ಬಾಂಡಿ, ಸೂಕ್ಡಿ, ಜವಾಯಿ ಎಂಬ ಉಪನದಿಗಳು ಅರಾವಳಿಯಿಂದ ಇಳಿದು ಬಂದು ಕೂಡುತ್ತವೆ. ಆದರೂ ಬೆಟ್ಟದ ಸೀಮೆ ಬಿಟ್ಟು ಮರಳಿನ ಸೀಮೆಗೆ ಕಾಲಿಟ್ಟ ಮೇಲೆ ಒಂದೊಂದು ಹರದಾರಿಗೂ ಅದರ ನೀರು ಇಳಿಯುತ್ತಲೇ ಹೋಗುತ್ತದೆ. ಪಾತ್ರ ಮಾತ್ರ ಅಗಲವಾಗುತ್ತದೆ, ಹರಿವು ಸಣ್ಣದಾಗುತ್ತದೆ. ವರ್ಷದ ಬಹುಪಾಲು ದಿನ ಅಲ್ಲಿ ಹರಿವೇ ಇರುವುದಿಲ್ಲ.

ಬಾಲೋತರಾದ ಆಸುಪಾಸಿನಲ್ಲಿ ಒಂದು ಬೇಸಿಗೆಯಲ್ಲಿ ಆ ಪಾತ್ರದಲ್ಲಿ ನಾನು ನಡೆದಾಡಿದ್ದೇನೆ. ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುವಷ್ಟರಲ್ಲಿ ಅಂಗಾಲು ಸುಟ್ಟು ಬಂದಿತ್ತು. ಟ್ರ್ಯಾಕ್ಟರ್ ಓಡಾಡಿದ ಗಾಲಿಯ ಗುರುತು, ಆಡಿನ ಹಿಕ್ಕೆ, ದಡದ ಗುಂಟ ಜಾಲಿಯ ಪೊದೆ. ಇಷ್ಟರ ನಡುವೆ ಊರಿನ ಹಿರಿಯರೊಬ್ಬರು ನದಿಯ ವಿಷಯ ಹೇಳುತ್ತಿದ್ದರು, ಕೆಲಸಕ್ಕೆ ಹೊರಗೆ ಹೋದ ಮನೆಯವರ ಬಗ್ಗೆ ಹೇಳುವ ಹಾಗೆ. ಪಾಲಿಯ ಕಡೆ, ಸೋಜತ್ ಕಡೆ ಮಳೆಯಾದರೆ ನದಿ ಬರುತ್ತದೆ. ಇಲ್ಲಿ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಬಂದುಬಿಡಬಹುದು. ಬಂದಾಗ ಊರಿಗೆ ಊರೇ ದಡಕ್ಕೆ ಹೋಗಿ ತೆಂಗಿನಕಾಯಿ ಒಡೆದು, ಕೆಂಪು ಚುನರಿ ಅರ್ಪಿಸಿ ಎದುರುಗೊಳ್ಳುತ್ತದೆ. ಬಾರದ ವರ್ಷ? ಬಾರದ ವರ್ಷವೂ ನದಿ ಇರುತ್ತದೆ ಎಂದರು ಅವರು. ಕೈಯಿಂದ ತೋರಿಸಿದ್ದು ಕಾಲ ಕೆಳಗಿನ ಮರಳನ್ನು.

ಆ ಮಾತನ್ನು ಮೊದಲು ನಂಬಿಕೆಯ ಮಾತೆಂದು ಕೇಳಿಸಿಕೊಂಡೆ. ಆಮೇಲೆ ಭೂವಿಜ್ಞಾನದ ಓದು ಮತ್ತು ಆ ಸೀಮೆಯ ಓಡಾಟ ಎರಡೂ ಸೇರಿ ಅದು ಅಕ್ಷರಶಃ ನಿಜ ಎಂಬಲ್ಲಿಗೆ ತಂದು ನಿಲ್ಲಿಸಿದವು.

ಮಲೆನಾಡಿನಲ್ಲಿ ನೆಲದೊಳಗಿನ ನೀರಿನ ಮಟ್ಟ ಹೊಳೆಯ ಮಟ್ಟಕ್ಕಿಂತ ಮೇಲಿರುತ್ತದೆ. ಹೀಗಾಗಿ ಮಳೆ ನಿಂತು ತಿಂಗಳುಗಳಾದರೂ ಗುಡ್ಡಗಳು ಒಸರುತ್ತ ಹೊಳೆಯನ್ನು ಪೊರೆಯುತ್ತವೆ. ಅಲ್ಲಿ ಕೊಡುವುದು ನೆಲ, ಪಡೆಯುವುದು ನದಿ. ಮರುಭೂಮಿಯಲ್ಲಿ ಈ ಸಂಬಂಧ ತಿರುಗುಮುರುಗಾಗುತ್ತದೆ. ಅಂತರ್ಜಲ ತೀರ ಆಳದಲ್ಲಿರುತ್ತದೆ, ನಡುವೆ ಇರುವುದೆಲ್ಲ ಒಣ ಮರಳು. ಅದರ ಮೇಲೆ ನೀರು ಬಂದರೆ ತಳದಿಂದ, ಎರಡೂ ದಡಗಳಿಂದ ಹೀರಿಕೆ ಶುರುವಾಗುತ್ತದೆ. ಒಣ ಮರಳಿನ ಸಂದಿಯ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆದ್ದು ಬರುತ್ತದೆ, ಗಾಳಿ ಬಿಟ್ಟ ಜಾಗಕ್ಕೆ ನೀರು ಇಳಿಯುತ್ತದೆ. ನದಿ ಮುಂದೆ ಹರಿಯುತ್ತಿರುವಾಗಲೇ ಕೆಳಕ್ಕೂ ಹರಿಯುತ್ತಿರುತ್ತದೆ. ಎಷ್ಟೋ ನೆರೆಗಳು ಹೀಗೆ ಹರಿಯುತ್ತ ಹರಿಯುತ್ತ ಅರ್ಧದಾರಿಯಲ್ಲೇ ಇಂಗಿ ಮುಗಿಯುತ್ತವೆ. ಮೇಲಿನ ಊರಿನಲ್ಲಿ ಎಮ್ಮೆ ಕೊಚ್ಚಿಕೊಂಡು ಹೋದ ನೆರೆ ಕೆಳಗಿನ ಊರಿಗೆ ತಲುಪದೇ ಇರಬಹುದು.

ಇನ್ನೊಂದು ಸೂಕ್ಷ್ಮವಿದೆ. ನೆರೆ ಇಳಿಯುವಾಗ ಕೊನೆಯಲ್ಲಿ ಉಳಿಯುವುದು ನುಣುಪಾದ ಕೆಸರು. ಅದು ಪಾತ್ರದ ಮೇಲೆ ತೆಳುವಾಗಿ ಹರಡಿ, ಒಣಗಿ, ಮರಳಿನ ಬಾಯಿ ಮುಚ್ಚುತ್ತದೆ. ಮುಂದಿನ ಸಲದ ಸಣ್ಣ ಹರಿವು ಆ ಪೊರೆಯ ಮೇಲೆ ಜಾರಿಕೊಂಡು ಹೋಗುತ್ತದೆ, ಕೆಳಗೆ ಇಳಿಯುವುದು ಕಡಿಮೆ. ದೊಡ್ಡ ನೆರೆ ಬಂದಾಗ ಮಾತ್ರ ಅದು ಕಿತ್ತುಹೋಗಿ ಪಾತ್ರ ಮತ್ತೆ ಬಾಯಿ ತೆರೆಯುತ್ತದೆ. ಊರವರು ಭಯಪಡುವ ನೆರೆಯೇ ಬಾವಿಗಳನ್ನು ವರ್ಷಗಳ ಕಾಲ ನಡೆಸುವ ನೆರೆಯೂ ಹೌದು.

ಬಾಡಮೇರ್ ಸೀಮೆಯ ಸಿಂಧರಿ ಎಂಬಲ್ಲಿ ಲೂಣಿ ಬಿಟ್ಟುಹೋದ ಕೆಸರು-ಮರಳಿನ ಪದರಗಳನ್ನು ಭೂವಿಜ್ಞಾನಿಗಳು ಅಳೆದಿದ್ದಾರೆ. ಮರಳಿನ ಹರಳು ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಹೇಳುವ ವಿಧಾನವೊಂದಿದೆ. ಅದರಿಂದ ಅವರು ಹಳೆಯ ಪ್ರವಾಹಗಳ ಕಾಲವನ್ನು ಗುರುತಿಸಿದರು. ಯಾವ ಬಖೈರಿನಲ್ಲೂ ಬರೆದಿಡದ ನೆರೆಗಳು ದಡದಲ್ಲಿ ಗೆರೆಗೆರೆಯಾಗಿ ದಾಖಲಾಗಿದ್ದವು. ಒಣಗಿದ ನದಿಯನ್ನು ಸತ್ತ ನದಿ ಎನ್ನುವವರಿಗೆ ಆ ಗೆರೆಗಳನ್ನು ತೋರಿಸಬೇಕು. ಈ ನದಿಗಳ ಉಸಿರಾಟ ನಮ್ಮ ಆಯುಷ್ಯದ ಅಳತೆಗಿಂತ ನಿಧಾನ, ಅಷ್ಟೆ.

ಮರುಭೂಮಿ ಎಂದಾಕ್ಷಣ ಒಂದೇ ತೆರನ ನೆಲವನ್ನು ಕಣ್ಣಮುಂದೆ ತಂದುಕೊಳ್ಳುತ್ತೇವೆ. ಥಾರ್‌ನಲ್ಲಿ ಕನಿಷ್ಠ ಎರಡು ನೆಲಗಳಿವೆ, ಅವೆರಡಕ್ಕೂ ಮಳೆಯ ಜೊತೆಗಿನ ನಡವಳಿಕೆ ಪೂರ್ತಿ ಬೇರೆ. ಮರಳು ದಿಬ್ಬಗಳ ಸೀಮೆಯಲ್ಲಿ ಎಂಥ ಮಳೆ ಬಿದ್ದರೂ ಹಳ್ಳ ಹುಟ್ಟುವುದಿಲ್ಲ, ಬಿದ್ದ ಹನಿ ಬಿದ್ದಲ್ಲೇ ಇಳಿಯುತ್ತದೆ. ಜೈಸಲ್ಮೇರಿನ ಸುತ್ತ ಹಳದಿ ಬಂಡೆಯ ಬೋಳು ಸೀಮೆಯಲ್ಲಿ ಅದರ ತದ್ವಿರುದ್ಧ. ಬಂಡೆ ಹೀರುವುದಿಲ್ಲ. ಬಂಡೆಯ ನಡುವಿನ ಗಟ್ಟಿ ಮಣ್ಣೂ ಹೀರುವುದಿಲ್ಲ, ಏಕೆಂದರೆ ದಪ್ಪ ಹನಿಗಳ ಏಟಿಗೆ ಅದರ ಮೇಲ್ಮೈಯ ಧೂಳು ಕಲಸಿ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ತಡೆಯಲು ಹುಲ್ಲಿಲ್ಲ, ತರಗೆಲೆಯಿಲ್ಲ. ಗಳಿಗೆಯೊಳಗೆ ನೀರೆಲ್ಲ ತಗ್ಗಿಗೆ ನುಗ್ಗುತ್ತದೆ. ವರ್ಷಕ್ಕೆ 200 ಮಿಲಿಮೀಟರ್ ಕೂಡ ಮಳೆ ಕಾಣದ ಊರಿನಲ್ಲಿ ಜನ ಕೊಚ್ಚಿಹೋಗುವ ಅನಾಹುತಕ್ಕೆ ಇದೇ ಕಾರಣ.

ಇದೇ ಕಾರಣವನ್ನು ಹಿಡಿದು ಬೇಸಾಯ ಕಟ್ಟಿದವರು ಪಾಲಿವಾಲರು. ಜೈಸಲ್ಮೇರ್ ಸೀಮೆಯಲ್ಲಿ 15ನೆಯ ಶತಮಾನದಿಂದ ಅವರು ರೂಪಿಸಿದ ಖಡೀನ್‌ಗಳು ಇಂದಿಗೂ ಬೆಳೆ ಕೊಡುತ್ತಿವೆ. ಬಂಡೆಗಾಡಿನ ಕೆಳಗೆ, ಆಳವಾದ ಮಣ್ಣಿರುವ ತಗ್ಗಿಗೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಏರಿ ಹಾಕುತ್ತಾರೆ. ಹೊಲಕ್ಕಿಂತ ಹತ್ತಾರು ಪಾಲು ದೊಡ್ಡದಾದ ಬೋಳುನೆಲದ ಮಳೆಯೆಲ್ಲ ಇಳಿದು ಬಂದು ಏರಿಯ ಹಿಂದೆ ನಿಲ್ಲುತ್ತದೆ. ಮಳೆಗಾಲ ಕಳೆದು ನೀರು ಇಂಗಿ, ಉಳಿದದ್ದನ್ನು ತೂಬಿನಿಂದ ಬಿಟ್ಟ ಮೇಲೆ ಅದೇ ನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಬಿತ್ತಿದ ಮೇಲೆ ಒಂದು ಹನಿ ನೀರನ್ನೂ ಹಾಯಿಸುವುದಿಲ್ಲ. ಮಣ್ಣು ಕುಡಿದದ್ದೇ ಪೈರಿಗೆ ಸಾಕು. ತೂಬಿನಿಂದ ಹೊರಹೋಗುವ ನೀರು ಮಣ್ಣಿನ ಉಪ್ಪನ್ನು ತೊಳೆದು ಒಯ್ಯುತ್ತದೆ. ಹೊಲದ ಮೇಲ್ಭಾಗದ ಬೋಳುನೆಲ ಅವರಿಗೆ ಪಾಳುನೆಲವಲ್ಲ. ಅದು ಬೋಳಾಗಿರುವುದರಿಂದಲೇ ಕೆಳಗೆ ಬೆಳೆ ಇದೆ. ಪಾಲಿವಾಲರು ಬಿಟ್ಟುಹೋದ ಕುಲಧರಾ ಗ್ರಾಮಕ್ಕೆ ಪ್ರವಾಸಿಗರು ದೆವ್ವದ ಕತೆ ಕೇಳಲು ಹೋಗುತ್ತಾರೆ. ಅಲ್ಲಿಂದ ಆಚೆಗಿರುವ ಖಡೀನ್‌ಗಳನ್ನು ನೋಡಲು ಹೋಗುವವರು ಕಡಿಮೆ. ನನಗೆ ಇದು ನೋವಿನ ಸಂಗತಿ. ಬೆರಗಾಗಬೇಕಾದದ್ದು ಆ ಏರಿಯ ಮುಂದೆ.

ಮರಳಿನ ನೆಲದ ಕತೆ ಇದಕ್ಕಿಂತ ಸೂಕ್ಷ್ಮವಾದದ್ದು. ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿ ಕೆಲಸ ಮಾಡಿದ ಅನುಪಮ್ ಮಿಶ್ರ ತಮ್ಮ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಪುಸ್ತಕದಲ್ಲಿ ಅದನ್ನು ದಾಖಲಿಸಿದ್ದಾರೆ. ಅವರ ಬರಹದ ಋಣ ನನ್ನ ಈ ಚಿಂತನೆಯ ಮೇಲೆ ದೊಡ್ಡದಿದೆ. ಆ ಸೀಮೆಯವರು ನೀರನ್ನು ಮೂರಾಗಿ ವಿಂಗಡಿಸುತ್ತಾರೆ. ಮಳೆಯಿಂದ ನೇರ ಸಿಕ್ಕು ಕೆರೆ-ಕುಂಡಗಳಲ್ಲಿ ನಿಲ್ಲುವುದು ಪಾಲರ್ ಪಾನಿ. ಆಳದ ಬಾವಿಯಲ್ಲಿ ಸಿಗುವ ಅಂತರ್ಜಲ ಪಾತಾಳ್ ಪಾನಿ. ಇವೆರಡರ ನಡುವೆ, ಮರಳಿನೊಳಗೆ ಇಳಿದು ಪಾತಾಳಕ್ಕೆ ತಲುಪದೆ ಹಸಿಯಾಗಿ ಉಳಿದದ್ದು ರೇಜಾಣಿ ಪಾನಿ. ಕಾಲುವೆಯಲ್ಲಿ ಹರಿಯದ, ಕೆರೆಯಲ್ಲಿ ನಿಲ್ಲದ, ಸರ್ಕಾರಿ ಕಡತದಲ್ಲಿ ಅಳತೆಗೆ ಸಿಗದ ಈ ಮೂರನೆಯ ನೀರಿನ ಮೇಲೆ ಬಿಕಾನೇರ್, ಚೂರು, ಬಾಡಮೇರ್, ಜೈಸಲ್ಮೇರ್ ಸೀಮೆಯ ಎಷ್ಟೋ ಹಳ್ಳಿಗಳು ತಲೆಮಾರುಗಳ ಕಾಲ ಬದುಕಿವೆ.

ರೇಜಾಣಿ ಉಳಿಯುವುದು ಹೇಗೆ? ಅಲ್ಲಿನ ಕೆಲವು ಭಾಗಗಳಲ್ಲಿ ಮರಳಿನ ಕೆಳಗೆ ಜಿಪ್ಸಮ್‌ನ ಗಟ್ಟಿ ಪದರವೊಂದು ಹಾಸಿಕೊಂಡಿದೆ. ಖಡಿಯಾ ಪಟ್ಟಿ ಎನ್ನುತ್ತಾರೆ. ಮೇಲಿನಿಂದ ಇಳಿದ ಮಳೆ ಆ ಪದರದ ಮೇಲೆ ತಡೆದು ನಿಲ್ಲುತ್ತದೆ. ಅದರ ಕೆಳಗಿರುವುದು ಉಪ್ಪುನೀರು, ಕುಡಿಯಲು ಬಾರದ್ದು. ಪದರ ಒಡೆದರೆ ಸಿಹಿ ಹೋಗಿ ಉಪ್ಪಿಗೆ ಸೇರುತ್ತದೆ. ಇನ್ನು ಮೇಲಿನಿಂದ ಆವಿಯಾಗಿ ಹೋಗುವುದಿಲ್ಲವೇ? ಥಾರ್‌ನಲ್ಲಿ ತೆರೆದ ನೀರಿನಿಂದ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಆವಿಯಾಗಬಲ್ಲದು. ಆದರೆ ಮರಳಿನ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಒಣಗಿದಾಗ ಬಿರುಕು ಬಿಡುವುದಿಲ್ಲ. ಮೇಲಿನ ಮೊಳದಷ್ಟು ಮರಳು ಕಾದು ಒಣಗಿ, ಆ ಒಣಗಿದ್ದೇ ಕೆಳಗಿನ ಹಸಿಗೆ ಮುಚ್ಚಳವಾಗುತ್ತದೆ. ನಮ್ಮ ರಾಯಚೂರು-ವಿಜಯಪುರದ ಎರೆಹೊಲವನ್ನು ಬೇಸಿಗೆಯಲ್ಲಿ ನೋಡಿದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಕೈ ಇಳಿಬಿಡಬಹುದಾದ ಬಿರುಕುಗಳ ಮೂಲಕ ಎರೆ ತನ್ನ ಹಸಿಯನ್ನು ಆಳದಿಂದಲೇ ಕಳೆದುಕೊಳ್ಳುತ್ತದೆ. ಸಾರವೇ ಇಲ್ಲವೆಂದು ನಾವು ಬಗೆಯುವ ಮರಳು, ಎರೆಗಿಂತ ಚೆನ್ನಾಗಿ ಹಸಿಯನ್ನು ಕಾಯುತ್ತದೆ.

ಈ ಹಸಿಯನ್ನು ನೀರಾಗಿ ಪಡೆಯುವ ಬಗೆ ಕುಂಯಿ. ಅಗಲ ತೀರ ಕಡಿಮೆ, ಒಬ್ಬ ಮನುಷ್ಯ ಮುದುಡಿ ಕುಳಿತು ಕೆಲಸ ಮಾಡುವಷ್ಟು. ಆಳ ಮಾತ್ರ 30-40 ಮೊಳ, ಕೆಲವೆಡೆ ಇನ್ನೂ ಹೆಚ್ಚು. ಒಳಗೆ ಇಳಿದ ಚೇಜಾರೋ, ಅಂದರೆ ಕುಂಯಿ ತೋಡುವವನು, ಬಸೌಲಿ ಎಂಬ ಗಿಡ್ಡ ಹಿಡಿಯ ಹತಾರದಿಂದ ಅಗೆಯುತ್ತಾನೆ. ಕೆಳಗೆ ಉಸಿರುಗಟ್ಟುವ ಸೆಕೆ. ಮೇಲೆ ನಿಂತವರು ಆಗಾಗ ಹಿಡಿ ಹಿಡಿ ಮರಳನ್ನು ಜೋರಾಗಿ ಒಳಕ್ಕೆ ಎಸೆಯುತ್ತಾರೆ. ಅದರೊಂದಿಗೆ ಮೇಲಿನ ತಣ್ಣನೆಯ ಗಾಳಿ ಕೆಳಗೆ ಹೋಗಿ ಬಿಸಿಗಾಳಿ ಮೇಲೆ ಬರುತ್ತದೆ. ಮರಳು ಕುಸಿಯದಂತೆ ಖೀಂಪ್ ಗಿಡದ ದಪ್ಪ ಹಗ್ಗವನ್ನು ಸುರುಳಿ ಸುರುಳಿಯಾಗಿ ಗೋಡೆಗೆ ಒತ್ತಿ ಕಟ್ಟುವುದೂ ಉಂಟು. ಖಡಿಯಾ ಪಟ್ಟಿ ಮುಟ್ಟಿದೊಡನೆ ನಿಲ್ಲಿಸುತ್ತಾರೆ. ಸುತ್ತಲಿನ ಮರಳಿನ ಹಸಿ ಹನಿಹನಿಯಾಗಿ ತಳಕ್ಕೆ ಒಸರುತ್ತದೆ. ಒಂದು ಇಡೀ ದಿನಕ್ಕೆ ಎರಡೋ ಮೂರೋ ಕೊಡ. ಅಗಲ ಹೆಚ್ಚಾಗಿದ್ದರೆ ಅಷ್ಟೇ ನೀರು ತಳದಲ್ಲಿ ತೆಳ್ಳಗೆ ಹರಡಿ ಬಕೀಟಿಗೆ ಸಿಗದೆ ಹೋಗುತ್ತಿತ್ತು.

ಕುಂಯಿಯ ತಂತ್ರಕ್ಕಿಂತ ಅದರ ಕಟ್ಟಳೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕುಂಯಿ ಒಂದೊಂದು ಮನೆಯದು, ಅದರ ನೀರು ಆ ಮನೆಗೆ ಸೇರಿದ್ದು. ಆದರೆ ಅದು ಇರುವ ಜಾಗ ಊರಿಗೆ ಸೇರಿದ್ದು, ಆ ಜಾಗದ ಮೇಲೆ ಬಿದ್ದ ಮಳೆಯೂ ಊರಿನದು. ಮರಳೊಳಗೆ ಎಷ್ಟು ಹಸಿ ಕೂಡಿದೆ ಎಂಬುದು ಆಗಲೇ ನಿರ್ಧಾರವಾಗಿರುತ್ತದೆ. ಹೊಸದೊಂದು ಕುಂಯಿ ತೋಡಿದರೆ ನೀರು ಹೆಚ್ಚಾಗುವುದಿಲ್ಲ, ಇದ್ದದ್ದೇ ಪಾಲಾಗುತ್ತದೆ. ಅದಕ್ಕಾಗಿ ಹೊಸ ಕುಂಯಿ ತೋಡಲು ಊರಿನ ಒಪ್ಪಿಗೆ ಬೇಕು. ಮನೆಯದು ಮತ್ತು ಊರಿನದು ಎಂಬ ಗೆರೆಯನ್ನು ಅವರು ಎಳೆದದ್ದು ನೆಲದ ಮೇಲಲ್ಲ, ನೆಲದೊಳಗಿನ ತಿಳಿವಳಿಕೆಯ ಮೇಲೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಒಂದೇ ನೀರಿನ ಸೆಲೆಗೆ ಅಕ್ಕಪಕ್ಕದ ಹೊಲದವರು ಪೈಪೋಟಿಯಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸುವುದನ್ನು ಕಂಡ ನಮಗೆ ಈ ಕಟ್ಟಳೆಯ ಬೆಲೆ ಗೊತ್ತಾಗಬೇಕು. ಅಲ್ಲಿ ಮರಳೊಳಗಿನ ಹಸಿಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೂ ಅದು ಎಲ್ಲರದೂ ಒಂದೇ ಎಂದು ಊರಿಗೆ ಊರೇ ತಿಳಿದಿತ್ತು.

ಈಗ ಅದೇ ಜಿಪ್ಸಮ್ ಪದರದ ಇನ್ನೆರಡು ಕತೆಗಳಿಗೆ ಬರುತ್ತೇನೆ. ಕುಂಯಿಯ ಬಗ್ಗೆ ತಿಳಿದಾಗ ಅದು ಪ್ರಕೃತಿಯ ಕರುಣೆ ಎನಿಸಿತ್ತು. ಈ ಎರಡನ್ನು ಅದರ ಪಕ್ಕದಲ್ಲಿಟ್ಟು ನೋಡಿದ ಮೇಲೆ ಕರುಣೆ, ಕ್ರೌರ್ಯ ಎಂಬ ಮಾತುಗಳೇ ಹೊಂದುವುದಿಲ್ಲ ಎನಿಸತೊಡಗಿತು.

2006ರ ಆಗಸ್ಟ್‌ನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಮೂರೇ ದಿನಗಳಲ್ಲಿ 570 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಲ್ಲಿನ ಇಡೀ ವರ್ಷದ ಸರಾಸರಿಯ ಎರಡು ಪಟ್ಟು. ಬಹುಕಾಲ ಹರಿಯದೆ ಮರೆತುಹೋಗಿದ್ದ ಹಳ್ಳದ ತಗ್ಗಿನಲ್ಲಿದ್ದ ಕವಾಸ್ ಗ್ರಾಮ ಮುಳುಗಿತು. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ದನಕರುಗಳು ಸತ್ತವು. ಒಂಟೆಯ ನಾಡಿಗೆ ಸೈನ್ಯ ದೋಣಿ ತೆಗೆದುಕೊಂಡು ಹೋಗಬೇಕಾಯಿತು. ಮಳೆ ನಿಂತರೂ ನೀರು ಇಳಿಯಲಿಲ್ಲ. ಕೆಳಗಿನ ಜಿಪ್ಸಮ್ ಪದರ ಅದನ್ನು ಇಂಗಲು ಬಿಡಲಿಲ್ಲ. ಮರುಭೂಮಿಯಲ್ಲಿ ಹೊಸ ಕೆರೆಗಳು ಹುಟ್ಟಿ ತಿಂಗಳುಗಟ್ಟಲೆ ನಿಂತವು. ಮನೆ ಕಳೆದುಕೊಂಡವರು ದಿಬ್ಬದ ಮೇಲಿನ ಡೇರೆಗಳಲ್ಲಿ ಕುಳಿತು ತಮ್ಮ ಊರು ನೀರಿನಡಿ ಇರುವುದನ್ನು ನೋಡಬೇಕಾಯಿತು. ಒಂದು ಸೀಮೆಯಲ್ಲಿ ಕೊಡ ಕೊಡವಾಗಿ ಪ್ರಾಣ ಉಳಿಸಿದ ಬಗೆಯ ಪದರವೇ ಇನ್ನೊಂದು ಸೀಮೆಯಲ್ಲಿ ನೆರೆಯನ್ನು ಕದಲದಂತೆ ಹಿಡಿದು ನಿಲ್ಲಿಸಿತು.

ಎರಡನೆಯದು ನಿಧಾನದ ಕತೆ. ಸಟ್ಲೆಜ್ ಮತ್ತು ಬಿಯಾಸ್ ಕೂಡುವ ಹರಿಕೆಯಿಂದ ಥಾರ್‌ಗೆ ನೀರು ತರುವ ಕಾಲುವೆಯ ಕಲ್ಪನೆಯನ್ನು ಎಂಜಿನಿಯರ್ ಕಂವರ್ ಸೇನ್ 1948ರಲ್ಲಿ ಮುಂದಿಟ್ಟರು. 1958ರಲ್ಲಿ ಕೆಲಸ ಆರಂಭವಾಯಿತು. ಮುಖ್ಯ ಕಾಲುವೆಯೂ ಅದಕ್ಕೆ ನೀರುಣಿಸುವ ಕಾಲುವೆಯೂ ಸೇರಿ 649 ಕಿಲೋಮೀಟರ್ ಉದ್ದದ ಇಂದಿರಾಗಾಂಧಿ ಕಾಲುವೆ 1987ರಲ್ಲಿ ಜೈಸಲ್ಮೇರ್ ಸೀಮೆ ತಲುಪಿತು. ಅದನ್ನು ಹಗುರವಾಗಿ ಟೀಕಿಸುವುದು ನನ್ನಿಂದಾಗದು. ಕುಡಿಯುವ ನೀರಿಗಾಗಿ ಹೆಣ್ಣುಮಕ್ಕಳು ಹರದಾರಿಗಟ್ಟಲೆ ನಡೆಯುತ್ತಿದ್ದ ಸೀಮೆಗೆ ಹಿಮಾಲಯದ ನೀರು ಬಂದದ್ದು ದೊಡ್ಡ ಸಂಗತಿ. ಬೋಳು ಮರಳಿದ್ದಲ್ಲಿ ಗೋಧಿ, ಹತ್ತಿ, ಸಾಸಿವೆ ಬೆಳೆದವು. ಆದರೆ ಹನುಮಾನ್‌ಗಢದ ಕಡೆ, ರಾವತ್‌ಸರ್-ಬಡೋಪಲ್ ಸುತ್ತ, ಹೊಲಗಳು ಒಳಗಿನಿಂದ ತೇವಗೊಂಡು ಜವುಗಾದವು. ಹಾಯಿಸಿದ ನೀರು ಕೆಳಗಿನ ಗಟ್ಟಿ ಪದರದ ಮೇಲೆ ತಡೆದು, ವರ್ಷದಿಂದ ವರ್ಷಕ್ಕೆ ಏರಿ, ಬೇರಿಗೆ ಮುಟ್ಟಿ, ಕೊನೆಗೆ ಮಣ್ಣಿನ ಮೇಲಕ್ಕೇ ಬಂತು. ಬರುವಾಗ ಉಪ್ಪನ್ನೂ ತಂದಿತು. ಅಲ್ಲಿನ ರೈತರು ಅದನ್ನು ಸೇಮ್ ಎನ್ನುತ್ತಾರೆ. ಸಿಂಧನೂರು, ಗಂಗಾವತಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಅವರು ಅನುಭವಿಸುತ್ತಿರುವ ಸವಳು-ಜವಳು ಇದೇ ರೋಗ.

ಪದರ ಒಂದೇ ಬಗೆಯದು. ವರ್ಷಕ್ಕೆ ಒಂದೆರಡು ನೂರು ಮಿಲಿಮೀಟರ್ ನಿಧಾನವಾಗಿ ಇಳಿದಾಗ ಕುಂಯಿ. ಮೂರು ದಿನದಲ್ಲಿ ಎಲ್ಲ ಸುರಿದಾಗ ಕವಾಸ್. ವರ್ಷವಿಡೀ ಬಿಡದೆ ಹಾಯಿಸಿದಾಗ ಸೇಮ್. ನೀರು ಒಳ್ಳೆಯದು, ಬರ ಕೆಟ್ಟದ್ದು ಎಂಬ ನನ್ನ ಬಾಲ್ಯದ ಸರಳ ಪಾಠ ಇಲ್ಲಿಗೆ ಸಾಲದಾಯಿತು. ಎಷ್ಟು ನೀರು ಎಂಬ ಪ್ರಶ್ನೆಗಿಂತ, ಯಾವ ವೇಗದಲ್ಲಿ ಬಂತು, ಎಷ್ಟು ಹೊತ್ತು ನಿಂತಿತು, ಕೆಳಗೆ ಏನಿತ್ತು ಎಂಬ ಪ್ರಶ್ನೆಗಳೇ ಅಲ್ಲಿ ಬದುಕು-ಸಾವನ್ನು ತೀರ್ಮಾನಿಸುತ್ತವೆ. ಕುಂಯಿ ತೋಡುವವನು ಪದರವನ್ನು ತಿಳಿದೇ ಕೆಲಸ ಶುರು ಮಾಡುತ್ತಿದ್ದ, ಪದರ ಮುಟ್ಟಿದಲ್ಲಿ ನಿಲ್ಲಿಸುತ್ತಿದ್ದ. ಕಾಲುವೆಯ ಯೋಜನೆಯಲ್ಲಿ ನೀರಿನ ಲೆಕ್ಕ ಹಾಕಿದಷ್ಟು ಕಾಳಜಿಯಿಂದ ಕೆಳಗಿನ ಪದರದ ಲೆಕ್ಕ ಹಾಕಿದ್ದರೆ ಎಷ್ಟೋ ಕುಟುಂಬಗಳ ಹೊಲ ಉಳಿಯುತ್ತಿತ್ತು. ಓದಿದವರ ತಿಳಿವಳಿಕೆ, ಓದದವರ ತಿಳಿವಳಿಕೆ ಎಂಬ ಜಗಳವಾಗಿ ನಾನಿದನ್ನು ಕಾಣುವುದಿಲ್ಲ. ಪದರದ ಮೇಲೆ ನೀರು ಏರುತ್ತಿದೆ ಎಂದು ಅಳೆದು ಎಚ್ಚರಿಸಿದವರೂ ವಿಜ್ಞಾನಿಗಳೇ. ಕೊರತೆಯಲ್ಲಿ ಬದುಕಿದವನಿಗೆ ನೆಲವನ್ನು ಅರಿಯದೆ ಗತಿಯಿರಲಿಲ್ಲ. ಹೇರಳವಾಗಿ ನೀರು ಕೈಗೆ ಬಂದವನಿಗೆ ನೆಲವನ್ನು ಮರೆಯುವ ಅವಕಾಶ ಸಿಕ್ಕಿತು. ಇದು ಮರುಭೂಮಿಗಷ್ಟೇ ಸಂಬಂಧಿಸಿದ ಮಾತಲ್ಲ ಎಂದು ಬೆಂಗಳೂರಿನ ಮಳೆಗಾಲ ವರ್ಷ ವರ್ಷವೂ ತೋರಿಸುತ್ತಿದೆ. ರಾಜಕಾಲುವೆಯ ಮೇಲೆ ನಿಂತ ಬಡಾವಣೆಗೂ ಹಳ್ಳದ ತಗ್ಗಿನಲ್ಲಿ ನಿಂತ ಕವಾಸ್‌ಗೂ ನೀರಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ನೀರಿಲ್ಲದಾಗಲೂ ನದಿ ಕೆಲಸ ಮಾಡುತ್ತಿರುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಮನಸ್ಸಿನಲ್ಲಿ ನಿಂತಿದೆ. ನಮೀಬಿಯಾದ ಕುಯಿಸೆಬ್ ನದಿಯ ದಕ್ಷಿಣಕ್ಕೆ ನಮೀಬ್‌ನ ಮರಳ ಕಡಲು, ಬೆಟ್ಟದೆತ್ತರದ ದಿಬ್ಬಗಳು. ಉತ್ತರಕ್ಕೆ ಬರಿಯ ಜಲ್ಲಿಕಲ್ಲಿನ ಬಯಲು. ಗಾಳಿ ದಿಬ್ಬಗಳನ್ನು ಉತ್ತರಕ್ಕೆ ತಳ್ಳುತ್ತಲೇ ಇರುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ಬಂದು ಕೆಲವೇ ದಿನ ಹರಿಯುವ ನೆರೆ ಪಾತ್ರಕ್ಕೆ ಬಿದ್ದ ಮರಳನ್ನೆಲ್ಲ ಗುಡಿಸಿ ಒಯ್ಯುತ್ತದೆ. ಬಹುತೇಕ ಒಣಗಿಯೇ ಇರುವ ನದಿಯೊಂದು ಮರುಭೂಮಿಯ ಗಡಿಯನ್ನು ಕಾಯುತ್ತಿದೆ. ಅದರ ಪಾತ್ರದ ಮರಳಿನಡಿಯ ನೀರಿನಿಂದ ದೊಡ್ಡ ಮರಗಳು ಹಸಿರಾಗಿವೆ, ಟೋಪ್ನಾರ್ ಜನರ ಹಳ್ಳಿಗಳಿವೆ, ಕಡಲತೀರದ ವಾಲ್ವಿಸ್ ಬೇ ಪಟ್ಟಣದ ಕೊಳವೆಬಾವಿಗಳಿವೆ. ನೆರೆ ಕಡಲಿಗೆ ತಲುಪುವುದು ಅಪರೂಪ.

ಉಪ್ಪಿನ ಬಗ್ಗೆ ಹೇಳದೆ ಲೂಣಿಯ ಮಾತು ಮುಗಿಯುವುದಿಲ್ಲ. ಬಾಲೋತರಾದವರೆಗೆ ಅದರ ನೀರು ಸಿಹಿ, ಅಲ್ಲಿಂದ ಮುಂದೆ ಉಪ್ಪು. ಪಕ್ಕದ ಪಚ್‌ಪದ್ರಾದಲ್ಲಿ ಖಾರವಾಲ್ ಸಮುದಾಯದವರು ಹೊಂಡ ತೋಡಿ ಉಪ್ಪು ತೆಗೆದು ಬದುಕಿದವರು. ಕಡಲಿಗೆ ಹೋಗುವ ನದಿ ನೆಲದ ಉಪ್ಪನ್ನೂ ಒಯ್ಯುತ್ತದೆ. ಕಡಲು ಮುಟ್ಟದ ನದಿಯಲ್ಲಿ ನೀರು ಆವಿಯಾಗಿ, ತಂದ ಉಪ್ಪು ಅಲ್ಲೇ ಉಳಿಯುತ್ತದೆ. ತಲುಪದೆ ಉಳಿದ ದಾರಿಯ ಲೆಕ್ಕವೆಲ್ಲ ಆ ಬಿಳಿಯ ಪೊರೆಯಲ್ಲಿದೆ. ಆದರೆ ಆ ಉಪ್ಪಿನ ತುದಿಯಲ್ಲೂ ಮನುಷ್ಯ ಸಿಹಿನೀರು ಕಂಡುಕೊಂಡ. ರಣದ ಅಂಚಿನ ಬನ್ನಿ ಹುಲ್ಲುಗಾವಲಿನಲ್ಲಿ ಮಾಲಧಾರಿ ಪಶುಪಾಲಕರು ತಗ್ಗುಗಳಲ್ಲಿ ವಿರ್ಡಾ ಎಂಬ ಕಿರುಗುಂಡಿ ತೋಡುತ್ತಾರೆ. ಮಳೆಯ ಸಿಹಿನೀರು ಹಗುರ, ಕೆಳಗಿನ ಉಪ್ಪುನೀರು ಭಾರ. ಸಿಹಿ ಮೇಲೆ ತೆಳುವಾಗಿ ತೇಲುತ್ತದೆ. ಮೆಲ್ಲಗೆ, ಅಳತೆಯಲ್ಲಿ ತೆಗೆದರೆ ತಿಂಗಳುಗಟ್ಟಲೆ ಸಿಗುತ್ತದೆ. ಅವಸರದಲ್ಲಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅಲ್ಲಿ ಪಂಪು ಇಟ್ಟವನು ಒಂದೇ ದಿನದಲ್ಲಿ ಗುಂಡಿಯನ್ನು ಕೆಡಿಸಿಬಿಡಬಲ್ಲ.

ಮರಳಿನೊಳಗಿನ ನೀರು ನಮಗೆ ಹೊಸದೇನಲ್ಲ. ಪಾವಗಡ, ಮಧುಗಿರಿ ಸೀಮೆಯ ತಲಪರಿಗೆಗಳು, ಬಳ್ಳಾರಿಯ ಹಗರಿಯ ಪಾತ್ರದಲ್ಲಿ ಗೇಣು ಬಗೆದರೆ ಸಿಗುತ್ತಿದ್ದ ಒರತೆ, ಅದನ್ನು ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದ ಅಜ್ಜಿಯರು ಇನ್ನೂ ನೆನಪಿನಿಂದ ಮಾಸಿಲ್ಲ. ಬಯಲುಸೀಮೆಯ ಈ ಹಳ್ಳಗಳಿಂದ ಲಾರಿಗಟ್ಟಲೆ ಮರಳು ಎತ್ತಿದಾಗ ಕಟ್ಟಡಕ್ಕೆ ಬೇಕಾದ ಸರಕೊಂದನ್ನು ಎತ್ತಿದೆವೆಂದು ತಿಳಿದೆವು. ಎತ್ತಿದ್ದು ನೀರಿನ ಪಾತ್ರೆಯನ್ನು. ಮರಳು ಹೋದ ಮೇಲೆ ಅದೇ ಮಳೆ ಬಂದರೂ ತಡೆದುಕೊಳ್ಳಲು ಏನೂ ಉಳಿದಿರಲಿಲ್ಲ, ದಡದ ಬಾವಿಗಳು ಬತ್ತಿದವು.

ಲೂಣಿಗೆ ಬಂದೊದಗಿದ್ದು ಇನ್ನೂ ಘೋರ. ಪಾಲಿಯಲ್ಲಿ ಬಾಂಡಿಗೆ, ಜೋಧಪುರದಲ್ಲಿ ಜೋಜರಿಗೆ, ಬಾಲೋತರಾದಲ್ಲಿ ನೇರವಾಗಿ ಲೂಣಿಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರು ದಶಕಗಳಿಂದ ಬೀಳುತ್ತಿದೆ. ಮಳೆಯಿಲ್ಲದ ತಿಂಗಳುಗಳಲ್ಲೂ ಆ ಪಾತ್ರಗಳಲ್ಲಿ ಹರಿವು ಕಾಣುತ್ತದೆ, ಬಣ್ಣದ ಹರಿವು. ತುಂಬಿ ಹರಿಯುವ ಹೊಳೆಗೆ ವಿಷ ಬಿದ್ದರೆ ಕಡಲಿನತ್ತ ಹೋಗುತ್ತದೆ, ಅದೂ ಕ್ಷಮಿಸಲಾಗದ್ದೇ. ಕೆಳಕ್ಕೆ ಕೊಡುವುದೇ ಸ್ವಭಾವವಾದ ನದಿಗೆ ಬಿದ್ದದ್ದು ಹೋಗುವುದು ಬಾವಿಗೆ. ತನಗೆ ಸಿಕ್ಕ ನೀರನ್ನು ಮರಳಿಗೆ ಒಪ್ಪಿಸಿದ ಹಾಗೆಯೇ ತನಗೆ ಸುರಿದ ಬಣ್ಣವನ್ನೂ ಅದು ಮರಳಿಗೆ ಒಪ್ಪಿಸುತ್ತದೆ. ದಡದ ಎಷ್ಟೋ ಹಳ್ಳಿಗಳ ಬಾವಿನೀರು ಕುಡಿಯಲೂ ಹೊಲಕ್ಕೂ ಬಾರದಂತಾಗಿದೆ.

ಆ ಸೀಮೆಯ ಕೆರೆಗಳಿಗೆ ಒಂದು ಕಟ್ಟಳೆಯಿದೆ. ಕೆರೆಗೆ ಮಳೆನೀರು ಇಳಿದು ಬರುವ ಬಯಲನ್ನು ಆಗೋರ್ ಎನ್ನುತ್ತಾರೆ. ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆಯಬಾರದು, ಹೊಲಸು ಮಾಡಬಾರದು; ಮಳೆಗೆ ಮುನ್ನ ಊರವರೆಲ್ಲ ಸೇರಿ ಗುಡಿಸಿ ಚೊಕ್ಕಟ ಮಾಡಬೇಕು. ಜೈಸಲ್ಮೇರಿನ ಘಡ್‌ಸೀಸರ್ ಕೆರೆ 14ನೆಯ ಶತಮಾನದಿಂದ ಊರಿಗೆ ನೀರು ಕೊಟ್ಟದ್ದು ಇಂಥ ಎಚ್ಚರದಿಂದ. ನೀರಿಲ್ಲದ ಒಣ ಬಯಲಿಗೆ ಅಷ್ಟು ಮರ್ಯಾದೆ ಸಿಗುತ್ತಿದ್ದದ್ದು ಏಕೆ ಎಂದು ಆ ಜನಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಲೂಣಿಯ ಇಡೀ ಪಾತ್ರವೇ ದಡದ ಬಾವಿಗಳ ಆಗೋರ್. ಕಾನೂನು ಅದನ್ನು ಹಾಗೆಯೇ ಕಾಣಬೇಕು, ಒಣಗಿದ ಪಾತ್ರಕ್ಕೂ ತುಂಬಿದ ಹೊಳೆಗಿರುವ ರಕ್ಷಣೆ ಸಿಗಬೇಕು, ಕೊಳಕು ನೀರನ್ನು ಪಾತ್ರಕ್ಕೆ ಬಿಡುವ ಪ್ರತಿ ಕೊಳವೆಯೂ ಮುಚ್ಚಬೇಕು. ಅದೂ ಮಳೆಗೆ ಮುಂಚೆ. ಪಾಲಿಯ ಕಡೆ ದೊಡ್ಡ ಮಳೆಯಾಗಿ ನದಿ ಬಂದ ದಿನ, ಪಾತ್ರದ ಮೇಲೆ ಒಣಗಿ ಕೂತ ಅಷ್ಟೂ ಬಣ್ಣವನ್ನು ಅದು ಕರಗಿಸಿಕೊಂಡು ಕೆಳಗಿನ ಊರುಗಳ ಮರಳಿಗೆ ಇಳಿಸುತ್ತದೆ.